ನದಿ ದಂಡೆಯ ಹಳೆಯ ಪೆಟ್ರೋಲ್ ಎಂಜಿನ್: ಪಾಯಿಂಟೋ, ಎಲೆಕ್ಟ್ರಾನಿಕ್ಕೋ, ಹೊಸ ಕಾರ್ಬೊರೇಟರೋ?

ಅಫಜಲಪುರ ತಾಲ್ಲೂಕಿನ ಭೀಮಾ ದಂಡೆಯಲ್ಲಿ ಜಮೀನಿರುವ ಹಲವರ ಮನೆಯಲ್ಲಿ ಪೆಟ್ರೋಲಿನಿಂದ ಚಾಲೂ ಮಾಡಿ ಸೀಮೆಎಣ್ಣೆಗೆ ಹೊರಳಿಸುವ ಹಳೆಯ ಪಂಪ್‌ಸೆಟ್ ಇನ್ನೂ ಇದೆ. ಕರೆಂಟಿನ ಮೋಟಾರ್ ಇರುವಾಗ ಇದೇಕೆ ಎಂದು ಊರಿಗೆ ಬಂದ ನೆಂಟರು ಕೇಳುತ್ತಾರೆ. ಬೇಸಿಗೆಯಲ್ಲಿ ನದಿ ಹರಿಯುವುದು ನಿಂತು ಮಡುವುಗಳಷ್ಟೇ ಉಳಿಯುತ್ತವೆ. ನೀರು ಹಿಂದೆ ಸರಿದಂತೆ ಪಂಪೂ ಅದರ ಬೆನ್ನು ಹತ್ತಬೇಕು. ಇಬ್ಬರು ಹೊತ್ತುಕೊಂಡು ಹೋಗಬಹುದಾದ ಯಂತ್ರಕ್ಕೆ ಆಗ ಬೆಲೆ. 2020ರ ಅಕ್ಟೋಬರ್‌ನಂಥ ಪ್ರವಾಹ ಬಂದರೆ ರಾತ್ರೋರಾತ್ರಿ ದಂಡೆಯಿಂದ ಎತ್ತಿಡುವುದಕ್ಕೂ ಇದೇ ಸಲೀಸು.

ನಮ್ಮ ಎಂಜಿನ್ನಿಗಿದ್ದದ್ದು ಹಳೆಯ ಎಂಜಿನ್‌ಗಳ ಸಾಮಾನ್ಯ ರೋಗ. ಬೆಳಿಗ್ಗೆ ತಣ್ಣಗಿರುವಾಗ ಹಗ್ಗ ಎಳೆದ ಕೂಡಲೇ ಚಾಲೂ ಆಗುತ್ತಿತ್ತು. ಚೆನ್ನಾಗಿ ಕಾದ ಮೇಲೆ ಮೊದಲು ಮಿಸ್ಸಿಂಗ್, ಅಂದರೆ ನಡುನಡುವೆ ಉರಿ ತಪ್ಪುವುದು, ಆಮೇಲೆ ಇದ್ದಕ್ಕಿದ್ದಂತೆ ಬಂದ್. ಆಗ ಜಪ್ಪಯ್ಯ ಎಂದರೂ ಜಗ್ಗುತ್ತಿರಲಿಲ್ಲ. ಊಟ ಮುಗಿಸಿ ಬಂದು ಎಳೆದರೆ ಏನೂ ಆಗಿಲ್ಲವೆಂಬಂತೆ ಓಡುತ್ತಿತ್ತು. ಇದಕ್ಕೆ ಕಲಬುರಗಿಯ ಬಿಡಿಭಾಗದ ಅಂಗಡಿಗಳಲ್ಲಿ ಸಿಕ್ಕ ಸಲಹೆ ಮೂರು: ಪಾಯಿಂಟ್ (ಕರೆಂಟ್ ಕಡಿದು ಕಿಡಿ ಹಾರಿಸುವ ಪುಟ್ಟ ಸ್ವಿಚ್ಚು) ಮತ್ತು ಅದರ ಜೊತೆಗಿರುವ ಕಂಡೆನ್ಸರ್ ಬದಲಿಸಿ; ಅವೆರಡರ ಗೊಡವೆಯೇ ಬೇಡ, ಅದೇ ಕೆಲಸ ಮಾಡುವ ಎಲೆಕ್ಟ್ರಾನಿಕ್ ಮಾಡ್ಯೂಲ್ ಹಾಕಿ; ಎಣ್ಣೆಗೆ ಗಾಳಿ ಬೆರೆಸುವ ಕಾರ್ಬೊರೇಟರ್ ಹೊಸದು ಕೂರಿಸಿ. ಮೂರನ್ನೂ ಇದೇ ಎಂಜಿನ್ ಮೇಲೆ, ನಮ್ಮ ಬಿಸಿಲಿನಲ್ಲೇ ಓಡಿಸಿ ನೋಡಿದ್ದೇನೆ.

ಅಂಗಡಿಯ ಮೆಟ್ಟಿಲು ಹತ್ತುವ ಮೊದಲು ದಂಡೆಯ ಮೇಲೆಯೇ ಇತ್ಯರ್ಥವಾಗಬೇಕಾದ ಸಂಗತಿ ಒಂದಿದೆ. ಎಂಜಿನ್ ನಿಂತದ್ದು ಕಿಡಿ ಇಲ್ಲದೆಯೋ, ಎಣ್ಣೆ ಇಲ್ಲದೆಯೋ? ನಮ್ಮೂರ ಮಿಸ್ತ್ರಿ ಕಾಕಾ ಇದನ್ನು ಒಂದೇ ಉಸಿರಿನಲ್ಲಿ ಹೇಳುತ್ತಾರೆ: “ತಮ್ಮಾ, ನಿಂತ ಗಳಿಗೆಯಲ್ಲೇ ಪ್ಲಗ್ ಬಿಚ್ಚು. ಹಸಿಯಾಗಿದ್ದರೆ ಕಿಡಿ ಹುಡುಕು, ಒಣಗಿದ್ದರೆ ಎಣ್ಣೆ ಹುಡುಕು.” ಚಹಾ ಕುಡಿದು ಬಂದು ಬಿಚ್ಚಿದರೆ ಎಂಜಿನ್ ತಣ್ಣಗಾಗಿ, ಕಳ್ಳ ಹಿತ್ತಿಲ ಬಾಗಿಲಿಂದ ಓಡಿಹೋಗಿರುತ್ತಾನೆ. ಪ್ಲಗ್ ಒಣಗಿದ್ದರೆ ಟ್ಯಾಂಕಿನ ಮುಚ್ಚಳ ಸಡಿಲಿಸಿ ನೋಡಿ. ಮುಚ್ಚಳದಲ್ಲಿರುವ ಗಾಳಿಯ ಸಣ್ಣ ತೂತು ಧೂಳಿನಿಂದ ಮುಚ್ಚಿದರೆ ಎಣ್ಣೆ ಇಳಿಯುವುದು ಕ್ರಮೇಣ ನಿಲ್ಲುತ್ತದೆ, ಅದೂ ಥೇಟ್ ಇದೇ ಲಕ್ಷಣ ತೋರಿಸುತ್ತದೆ. ಮುಚ್ಚಳ ಸಡಿಲಿಸಿದ ಮೇಲೆ ಎಂಜಿನ್ ಓಡಿತೆಂದರೆ ಒಂದು ಸೂಜಿಯಲ್ಲಿ ಕೆಲಸ ಮುಗಿಯಿತು. ಕಿಡಿ ನೋಡುವಾಗ ಪ್ಲಗ್ಗನ್ನು ಎಂಜಿನ್ನಿನ ಲೋಹಕ್ಕೆ ತಾಗಿಸಿ, ಆದರೆ ಪ್ಲಗ್ ಬಿಚ್ಚಿದ ತೂತಿನಿಂದ ದೂರ ಹಿಡಿಯಿರಿ. ಆ ತೂತಿನಿಂದ ಪೆಟ್ರೋಲ್ ಆವಿ ಹೊರಗೆ ಬರುತ್ತಿರುತ್ತದೆ.

ನಮ್ಮದರಲ್ಲಿ ಪ್ಲಗ್ ಹಸಿ. ಕಿಡಿ ಇತ್ತು, ಆದರೆ ಚಟ್ ಎಂಬ ಸದ್ದಿಲ್ಲದ, ತೆಳ್ಳನೆಯ ಹಳದಿ ಕಿಡಿ. ನೀಲಿ ಕಿಡಿಯ ಖದರೇ ಬೇರೆ.

ಮೊದಲು ಪಾಯಿಂಟ್. ಅದು ಮಿಸ್ತ್ರಿಗಳು ಮ್ಯಾಗ್ನೆಟ್ ಎನ್ನುವ ಭಾರದ ಚಕ್ರದ ಹಿಂದೆ ಕೂತಿರುತ್ತದೆ. ಚಕ್ರ ಬಿಚ್ಚಲು ಅದನ್ನು ಎಳೆದು ತೆಗೆಯುವ ಸಲಕರಣೆ, ಪುಲ್ಲರ್, ಬೇಕೇ ಬೇಕು, ಸುತ್ತಿಗೆಯಿಂದ ಬಡಿಯುವವರ ಕೈಗೆ ಎಂಜಿನ್ ಕೊಡಬೇಡಿ. ಬಿಚ್ಚಿದಾಗ ಕಂಡದ್ದು: ಪಾಯಿಂಟಿನಲ್ಲಿ ಒಂದಕ್ಕೊಂದು ತಾಗಿ ಬೇರೆಯಾಗುವ ಎರಡು ಬಿಲ್ಲೆಗಳಲ್ಲಿ ಒಂದರ ನಡುವೆ ಸಣ್ಣ ಗುಳಿ, ಇನ್ನೊಂದರ ಮೇಲೆ ಅದಕ್ಕೆ ಸರಿಯಾಗಿ ಎದ್ದ ಗುಬುಟು, ಸುತ್ತಲೂ ಕಪ್ಪು. ಬಿಲ್ಲೆಗಳು ಬೇರೆಯಾಗುವಾಗ ಅವುಗಳ ನಡುವೆಯೇ ಕಿಡಿ ಹಾರದಂತೆ ತಡೆಯುವುದು ಕಂಡೆನ್ಸರ್‌ನ ಕೆಲಸ. ಅದು ಕೆಟ್ಟರೆ ಪಾಯಿಂಟ್ ಹೀಗೆ ಸುಡುತ್ತದೆ. ಎಷ್ಟೋ ಕಂಡೆನ್ಸರ್‌ಗಳು ತಣ್ಣಗಿದ್ದಾಗ ನೆಟ್ಟಗೇ ಇದ್ದು, ಕಾದಾಗ ಮಾತ್ರ ಕೈಕೊಡುತ್ತವೆ. ಎರಡನ್ನೂ ಬದಲಿಸಿ, ಬಿಲ್ಲೆಗಳು ಪೂರ್ತಿ ತೆರೆದಾಗ ನಡುವಿನ ಸಂದನ್ನು ಫೀಲರ್ ಗೇಜ್‌ನಿಂದ 0.35 ಮಿಲಿಮೀಟರ್‌ಗೆ ಕೂರಿಸಿದೆವು. ಇಂಥ ಸಣ್ಣ ಎಂಜಿನ್‌ಗಳಲ್ಲಿ ಬಹುಪಾಲಿಗೆ 0.3ರಿಂದ 0.4ರ ಒಳಗೆ ಇರುತ್ತದೆ, ನಿಮ್ಮ ಎಂಜಿನ್ನಿನ ಪುಸ್ತಕ ಬೇರೆ ಹೇಳಿದರೆ ಅದೇ ಅಂತಿಮ. ಮಿಸ್ಸಿಂಗ್ ಮಾಯವಾಯಿತು. ನಡುಮಧ್ಯಾಹ್ನ ನಿಲ್ಲಿಸಿ ಮತ್ತೆ ಎಳೆದರೂ ತಕರಾರಿಲ್ಲದೆ ಚಾಲೂ.

ಪಾಯಿಂಟಿನ ಕಿರಿಕಿರಿಯೂ ಕಡಿಮೆಯಲ್ಲ. ಚಕ್ರದ ಉಬ್ಬಿಗೆ ಉಜ್ಜುವ ಅದರ ಹಿಮ್ಮಡಿ ಸವೆದಂತೆ ಸಂದು ಕಿರಿದಾಗಿ ಕಿಡಿ ತಡವಾಗುತ್ತದೆ, ಎಂಜಿನ್ ಶಕ್ತಿಗುಂದುತ್ತದೆ. ಅಲ್ಲಿ ಸಾಸಿವೆಯಷ್ಟು ಗ್ರೀಸ್ ಇಡಬೇಕು. ಹೆಚ್ಚಾದರೆ ಬಿಲ್ಲೆಗೆ ಹಾರಿ ಅದೇ ಇನ್ನೊಂದು ರೋಗ. ಮಳೆಗಾಲದಲ್ಲಿ ಸುಮ್ಮನೆ ಬಿಟ್ಟ ಎಂಜಿನ್ನಿನ ಪಾಯಿಂಟ್ ಮಂಕಾಗುತ್ತದೆ. ಆಗ ಚಕ್ರದ ಕಿಂಡಿಯಿಂದ ಲಗ್ನಪತ್ರಿಕೆಯ ದಪ್ಪ ಕಾಗದದ ಪಟ್ಟಿ ತೂರಿಸಿ ಒಂದೆರಡು ಸಲ ಎಳೆದರೆ ಸಾಕು. ಲಗ್ನಪತ್ರಿಕೆಗೆ ನಮ್ಮ ಕಡೆ ಬರವಿಲ್ಲ.

ಎಲೆಕ್ಟ್ರಾನಿಕ್ ಮಾಡ್ಯೂಲ್ ಬೆಂಕಿಪೊಟ್ಟಣಕ್ಕಿಂತ ಚಿಕ್ಕದು. ಒಂದು ತಂತಿ ಕಿಡಿಯ ಕರೆಂಟ್ ಹುಟ್ಟಿಸುವ ಕಾಯಿಲ್‌ಗೆ, ಇನ್ನೊಂದು ಎಂಜಿನ್ನಿನ ಮೈಗೆ. ಪಾಯಿಂಟಿನ ತಂತಿ ಕಳಚಿಡುವುದು. ಸವೆಯುವ ಭಾಗವಿಲ್ಲ, ಸಂದಿನ ಲೆಕ್ಕವಿಲ್ಲ. ಕಿಡಿ ಗಟ್ಟಿಯಾಗಿ, ಪ್ರತಿ ಸಲವೂ ಒಂದೇ ಸಮನಾಗಿ ಬರುತ್ತದೆ. ಓಡುವಾಗಿನ ನುಣುಪನ್ನು ಕೇಳಿದರೆ ಪಾಯಿಂಟ್ ಇದರ ಮುಂದೆ ನಿಲ್ಲುವುದಿಲ್ಲ. ಆದರೆ ಹಗ್ಗವನ್ನು ಜೋರಾಗಿಯೇ ಎಳೆಯಬೇಕು, ಚಕ್ರ ಒಂದಿಷ್ಟು ವೇಗ ಪಡೆಯದಿದ್ದರೆ ಮಾಡ್ಯೂಲ್ ಎಚ್ಚರವೇ ಆಗುವುದಿಲ್ಲ. ಪಾಯಿಂಟಿನಲ್ಲಿ ನನ್ನ ತಂದೆಯೂ ಚಾಲೂ ಮಾಡುತ್ತಿದ್ದರು, ಮಾಡ್ಯೂಲ್ ಹಾಕಿದ ಮೇಲೆ ಅವರ ತೋಳಿಗೆ ಅದು ಬಗ್ಗಲಿಲ್ಲ.

ಇನ್ನೂ ದೊಡ್ಡ ವ್ಯತ್ಯಾಸ ಕೆಡುವ ರೀತಿಯಲ್ಲಿದೆ. ಪಾಯಿಂಟ್ ಕೆಡುವ ಮೊದಲು ಗೊಣಗುತ್ತದೆ: ಮಿಸ್ಸಿಂಗ್, ಪಟಪಟ ಸದ್ದು, ಚಾಲೂ ಆಗಲು ಸತಾವಣೆ. ಮಾಡ್ಯೂಲ್ ಹಾಗಲ್ಲ. ಉಷ್ಣಾಂಶ 42 ಡಿಗ್ರಿ ದಾಟುವ ನಮ್ಮ ಮೇ ತಿಂಗಳಲ್ಲಿ, ಅಂಗಡಿಯವರು ತೋರಿಸಿದಂತೆ ಸಿಲಿಂಡರ್ ಮಗ್ಗುಲಿಗೆ ಕೂರಿಸಿದ್ದ ಮೊದಲ ಮಾಡ್ಯೂಲ್ ಹೇಳದೆ ಕೇಳದೆ ಸತ್ತಿತು. ಒಳಗೆಲ್ಲ ರಾಳ ಸುರಿದು ಮುಚ್ಚಿರುವುದರಿಂದ ಬಿಚ್ಚಿ ನೋಡುವಂತೆಯೂ ಇಲ್ಲ. ಎರಡನೆಯದನ್ನು ಚಕ್ರದ ಗಾಳಿ ಬೀಸುವ ಕಡೆಯ ತಗಡಿಗೆ, ಬಣ್ಣ ಕೆರೆದು ಲೋಹಕ್ಕೆ ಲೋಹ ತಾಗುವಂತೆ ಬಿಗಿದಿದ್ದೇವೆ. ಅದು ಇನ್ನೂ ನಡೆಯುತ್ತಿದೆ.

ಊರ ಪಕ್ಕದಲ್ಲೇ ದಿನವೂ ಓಡುವ ಎಂಜಿನ್ನಿಗೆ ನಾನು ಮಾಡ್ಯೂಲನ್ನೇ ಹೇಳುತ್ತೇನೆ. ರಸ್ತೆಯಿಲ್ಲದ ದಂಡೆಯಲ್ಲಿ, ಸಸಿ ಬಾಡುತ್ತಿರುವಾಗ, ಕಾಗದದ ತುಂಡಿನಿಂದ ರಿಪೇರಿಯಾಗುವ ಪಾಯಿಂಟೇ ಮೇಲು. ನಮ್ಮದರಲ್ಲಿ ಎರಡೂ ಇವೆ. ಪಾಯಿಂಟ್, ಕಂಡೆನ್ಸರ್ ಒಳಗೇ ಉಳಿದಿವೆ, ಅವುಗಳ ತಂತಿಯನ್ನು ಹೊರಗೆ ತಂದು ತುದಿಗೆ ಟೇಪ್ ಸುತ್ತಿದ್ದೇವೆ. ಮಾಡ್ಯೂಲ್ ಕೈಕೊಟ್ಟರೆ ಅದರ ತಂತಿ ಕಳಚಿ ಇದನ್ನು ಸಿಕ್ಕಿಸುವುದು, ಅಷ್ಟೇ.

ಕಾರ್ಬೊರೇಟರ್ ವಿಷಯದಲ್ಲಿ ಇಷ್ಟು ಯೋಚನೆಯೇ ಬೇಡ. ಹೊಸದೆಂದು ಸಿಗುವುದು ಬಹುತೇಕ ಡೂಪ್ಲಿಕೇಟ್. ನಾವು ಕೂರಿಸಿದ್ದರಲ್ಲಿ ಫ್ಲೋಟಿನ ಸೂಜಿ ಸರಿಯಾಗಿ ಮುಚ್ಚದೆ ಎಣ್ಣೆ ತೊಟ್ಟಿಕ್ಕುತ್ತಿತ್ತು, ಹೊಗೆ ಕಪ್ಪು, ಪ್ಲಗ್ ತುಂಬ ಮಸಿ. ಹಳೆಯದನ್ನೇ ಬಿಚ್ಚಿ ಪೆಟ್ರೋಲಿನಲ್ಲಿ ತೊಳೆದು, ಪಂಕ್ಚರ್ ಅಂಗಡಿಯ ಗಾಳಿ ಹೊಡೆಸಿ ಮತ್ತೆ ಕೂರಿಸಿದಾಗ ಹೊಗೆ ತಿಳಿಯಾಯಿತು. ಎಣ್ಣೆಯನ್ನು ಅಳೆದು ಬಿಡುವ ಜೆಟ್ಟಿನ ತೂತಿಗೆ ಮಾತ್ರ ಉಕ್ಕಿನ ಪಿನ್ ಹಾಕಬೇಡಿ, ಹಿತ್ತಾಳೆ ಅಗಲವಾದರೆ ಎಣ್ಣೆಯ ಅಳತೆಯೇ ಕೆಟ್ಟಿತು. ಆ ತೂತು ಬಿಡಿಸಲು ಭೀಮೆಯಲ್ಲಿ ಮೀನು ಹಿಡಿಯುವವರ ಹತ್ತಿರ ನೈಲಾನ್ ದಾರದ ಒಂದು ಗೇಣು ಕೇಳಿ ಪಡೆಯಿರಿ. ಮೈ ಬಿರುಕು ಬಿಟ್ಟಿದ್ದರೆ ಹೊಸದು ಅನಿವಾರ್ಯ, ಆಗಲೂ ಹಳೆಯ ಜೆಟ್ಟನ್ನು ಎಸೆಯಬೇಡಿ.

ಈಗಿನ ಪೆಟ್ರೋಲಿನಲ್ಲಿ ಶೇಕಡಾ 20ರವರೆಗೆ ಎಥೆನಾಲ್ ಇರುತ್ತದೆ. ಅದು ತೇವವನ್ನು ಹೀರಿಕೊಳ್ಳುತ್ತದೆ, ಹಳೆಯ ರಬ್ಬರ್ ನಳಿಕೆಯನ್ನು ಉಬ್ಬಿಸುತ್ತದೆ. ಕೆಲಸ ಮುಗಿದ ಮೇಲೆ ಟ್ಯಾಂಕ್ ಬರಿದು ಮಾಡಿ, ನಳ ಮುಚ್ಚಿ, ತಾನಾಗಿ ನಿಲ್ಲುವವರೆಗೆ ಓಡಿಸಿಡಿ. ಸೀಮೆಎಣ್ಣೆಯಲ್ಲಿ ಓಡಿಸುವವರು ನಿಲ್ಲಿಸುವ ಮೊದಲು ಒಂದಿಷ್ಟು ಹೊತ್ತು ಪೆಟ್ರೋಲಿಗೆ ಹೊರಳಿಸಬೇಕು, ಇಲ್ಲವಾದರೆ ಮರುದಿನ ಕಾರ್ಬೊರೇಟರಿನ ಬಟ್ಟಲಲ್ಲಿ ಉಳಿದ ಸೀಮೆಎಣ್ಣೆಗೆ ತಣ್ಣನೆಯ ಎಂಜಿನ್ ಚಾಲೂ ಆಗುವುದಿಲ್ಲ. ಪೂರ್ತಿ ಕಾಯುವ ಮುಂಚೆಯೇ ಸೀಮೆಎಣ್ಣೆ ಕೊಟ್ಟರೆ ಅದು ಸುಡದೆ ಕೆಳಗಿಳಿದು ಎಂಜಿನ್ ಆಯಿಲ್ ತೆಳುವಾಗುತ್ತದೆ.

ಇಷ್ಟೆಲ್ಲ ಮಾಡಿಯೂ ಕಾದಾಗ ಕಿಡಿ ಹಳದಿಯಾಗಿಯೇ ಬಂದರೆ ಕಾಯಿಲನ್ನು ಹಿಡಿಯಿರಿ. ಪಾಯಿಂಟಿಗೂ ಮಾಡ್ಯೂಲಿಗೂ ಕಾಯಿಲ್ ಒಂದೇ. ಅದರೊಳಗಿನ ತಂತಿಯ ಸುತ್ತು ಬಿಸಿಗೆ ಬಿಟ್ಟುಕೊಳ್ಳುತ್ತಿದ್ದರೆ ಎರಡರಲ್ಲಿ ಯಾವುದನ್ನು ಹಾಕಿದರೂ ಹಣ ದಂಡ. ಮೀಟರ್ ಇಟ್ಟು ನೋಡುವ ಮಿಸ್ತ್ರಿಯನ್ನು ಎಂಜಿನ್ ಕಾದಿರುವ ಹೊತ್ತಿಗೇ ದಂಡೆಗೆ ಕರೆಸಿಕೊಳ್ಳಿ. ಅಂಗಡಿಗೆ ಹೊತ್ತೊಯ್ದ ತಣ್ಣನೆಯ ಕಾಯಿಲ್ ಅಲ್ಲಿ ಸರಿಯಾಗಿಯೇ ಅಳತೆ ತೋರಿಸುತ್ತದೆ.