ಆರ್ಬಿಟ್ರೇಷನ್‌ಗೆ ಮುಂಗಡ ಠೇವಣಿ: ಮೂರು ಟೆಂಡರ್ ಷರತ್ತುಗಳ ವಿಮರ್ಶೆ

ಸರ್ಕಾರಿ ಗುತ್ತಿಗೆಯಲ್ಲಿ ಆರ್ಬಿಟ್ರೇಷನ್, ಅಂದರೆ ಕೋರ್ಟಿನ ಹೊರಗೆ ಆರ್ಬಿಟ್ರೇಟರ್ ಎಂಬ ಮಧ್ಯಸ್ಥಗಾರರಿಂದ ವಿವಾದ ತೀರ್ಮಾನ, ಕೂಡ ಒಂದು ಸೇವೆ. ಕೆಲವು ಇಲಾಖೆಗಳು ಈ ಸೇವೆಗೆ ಬಾಗಿಲಲ್ಲೇ ಠೇವಣಿ ಕೇಳುತ್ತವೆ. ಇಎಂಡಿ (ಟೆಂಡರ್ ಜೊತೆಗಿನ ಮುಂಗಡ ಠೇವಣಿ) ಕಟ್ಟಿ, ಬ್ಯಾಂಕ್ ಗ್ಯಾರಂಟಿ ಕೊಟ್ಟು, ಕೆಲಸ ನಡೆದಂತೆ ಸಲ್ಲಿಸುವ ರನ್ನಿಂಗ್ ಬಿಲ್ಲುಗಳಲ್ಲೂ ಹಣ ಹಿಡಿಸಿಕೊಂಡ ಗುತ್ತಿಗೆದಾರ, ಬಾಕಿ ಕೇಳಲು ಹೊರಟಾಗ ಕ್ಲೇಮಿನ (ಕೇಳಿದ ಮೊತ್ತದ) ಶೇಕಡಾ ಇಂತಿಷ್ಟು ಎಂದು ಮತ್ತೆ ಕಟ್ಟಬೇಕು. ಸುಪ್ರೀಂ ಕೋರ್ಟಿನವರೆಗೆ ಹೋದ ಇಂಥ ಮೂರು ಷರತ್ತುಗಳು ಇಲ್ಲಿವೆ. ಎಲ್ಲರೂ ಮೊದಲು ನೋಡುವುದು ಶೇಕಡಾವಾರನ್ನು. ಆದರೆ ಷರತ್ತಿನ ಗುಣ ಗೊತ್ತಾಗುವುದು ಆ ದುಡ್ಡು ಯಾವಾಗ, ಎಷ್ಟು ವಾಪಸ್ ಬರುತ್ತದೆ ಎನ್ನುವ ಸಾಲಿನಲ್ಲಿ.

ಈ ಮೂರರಲ್ಲಿ ಹರಿಯಾಣದ ಷರತ್ತು ವಾಸಿ. ಆರ್ಬಿಟ್ರೇಷನ್ ಕೇಳುವವನು ಗುತ್ತಿಗೆದಾರನಾದರೆ ಮಾತ್ರ ಠೇವಣಿ. ಇಲಾಖೆಗೆ ಆ ಕಟ್ಟುಪಾಡು ಇಲ್ಲ. ಏಕಪಕ್ಷೀಯ ಎಂಬುದರಲ್ಲಿ ಅನುಮಾನವಿಲ್ಲ. ಆದರೂ ಪ್ರಕ್ರಿಯೆ ಮುಗಿದ ಮೇಲೆ ಗುತ್ತಿಗೆದಾರನ ಮೇಲೆ ಖರ್ಚು ಹೇರಿದ್ದರೆ ಅಷ್ಟನ್ನು ಮಾತ್ರ ಹಿಡಿದು ಉಳಿದದ್ದನ್ನು ಹಿಂದಿರುಗಿಸಬೇಕು ಎಂದು ಸ್ಪಷ್ಟವಾಗಿ ಬರೆದಿತ್ತು. 2009ರಲ್ಲಿ ಎಸ್.ಕೆ. ಜೈನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಎತ್ತಿಹಿಡಿಯಿತು. ಈ ತೀರ್ಪು ಇವತ್ತಿಗೂ ರದ್ದಾಗಿಲ್ಲ. ನಂತರದ ಪೀಠಗಳು ಇದನ್ನು 'ಅದು ಬೇರೆ ಬಗೆಯ ಷರತ್ತು' ಎಂದು ಪಕ್ಕಕ್ಕಿಟ್ಟಿವೆ, ಅಷ್ಟೇ. ಹಾಗಾಗಿ 'ಠೇವಣಿ ಷರತ್ತುಗಳೆಲ್ಲ ಬಿದ್ದುಹೋದವು' ಎಂದು ಯಾರಾದರೂ ಹೇಳಿದರೆ ನಂಬಿ ಕೂರಬೇಡಿ.

ಪಂಜಾಬ್ ನೀರು ಸರಬರಾಜು ಮತ್ತು ಒಳಚರಂಡಿ ಮಂಡಳಿಯ 2008ರ ಟೆಂಡರ್‌ನ ಷರತ್ತು 25(8) ಈ ಮೂರರಲ್ಲಿ ಅತಿ ಕೆಟ್ಟದ್ದು. ಕ್ಲೇಮಿನ ಶೇ. 10ರಷ್ಟನ್ನು ಆರ್ಬಿಟ್ರೇಟರ್ ಹುದ್ದೆಯ ಹೆಸರಿನಲ್ಲಿ ಡಿಪಾಸಿಟ್-ಅಟ್-ಕಾಲ್ (ಕೇಳಿದಾಗ ಕೊಡುವ ಬ್ಯಾಂಕ್ ಠೇವಣಿ) ಆಗಿ ಇಡಬೇಕು. ಗೆದ್ದರೆ, ಕೇಳಿದ್ದರಲ್ಲಿ ಎಷ್ಟು ಭಾಗ ಸಿಕ್ಕಿತೋ ಠೇವಣಿಯಲ್ಲೂ ಅಷ್ಟೇ ಭಾಗ ವಾಪಸ್. ಉಳಿದದ್ದು ಮುಟ್ಟುಗೋಲಾಗಿ ಎದುರು ಪಕ್ಷಕ್ಕೆ ಹೋಗುತ್ತದೆ.

ಲೆಕ್ಕ ಹಾಕಿ ನೋಡಿ. ಕ್ಲೇಮು 5 ಕೋಟಿ, ಠೇವಣಿ 50 ಲಕ್ಷ. ಅವಾರ್ಡ್ (ಆರ್ಬಿಟ್ರೇಟರ್ ತೀರ್ಪು) 2 ಕೋಟಿ ಬಂತು ಎಂದುಕೊಳ್ಳಿ, ಅಂದರೆ ಕೇಳಿದ್ದರ ಶೇ. 40. ಠೇವಣಿಯಲ್ಲಿ 20 ಲಕ್ಷ ಕೈಗೆ ಬರುತ್ತದೆ, 30 ಲಕ್ಷ ಮಂಡಳಿಗೆ. ಸೋತ ಪಕ್ಷಕ್ಕೆ ಗೆದ್ದವನು ದುಡ್ಡು ಕೊಡುವ ಏರ್ಪಾಡು! ಅದೇ 5 ಕೋಟಿಗೆ ಆರ್ಬಿಟ್ರೇಷನ್ ಕಾಯ್ದೆಯ ನಾಲ್ಕನೇ ಅನುಸೂಚಿಯ ಮಾದರಿ ಶುಲ್ಕ 3,37,500 ರೂಪಾಯಿ, ಜೊತೆಗೆ 1 ಕೋಟಿ ಮೀರಿದ ಮೊತ್ತದ ಶೇ. 1. ಒಟ್ಟು 7,37,500. ಏಕ ಆರ್ಬಿಟ್ರೇಟರ್ ಆದರೆ ಇನ್ನೂ ಶೇ. 25 ಸೇರಿ 9,21,875. ಕಲಂ 38ರಂತೆ ಎರಡೂ ಪಕ್ಷ ಸಮವಾಗಿ ಹಂಚಿಕೊಂಡರೆ ಒಬ್ಬರ ಪಾಲು ಸುಮಾರು 4.61 ಲಕ್ಷ. ಸೇವೆಗೆ ನಿಜವಾಗಿ ತಗಲುವ ವೆಚ್ಚದ ಪಾಲು ಇಷ್ಟಿರುವಾಗ ಬಾಗಿಲಲ್ಲಿ ಕೇಳುವುದು 50 ಲಕ್ಷ. ಓಡಿ (ಬ್ಯಾಂಕಿನ ಓವರ್‌ಡ್ರಾಫ್ಟ್ ಸಾಲ) ಬಡ್ಡಿಗೂ ಎಫ್‌ಡಿ ಬಡ್ಡಿಗೂ ಶೇ. 5ರ ಅಂತರವಿದೆ ಎಂದಿಟ್ಟುಕೊಂಡರೆ, ಆ ಹಣ ಸುಮ್ಮನೆ ಬಿದ್ದಿರುವುದಕ್ಕೇ ವರ್ಷಕ್ಕೆ 2.5 ಲಕ್ಷ ನಷ್ಟ.

2019ರ ಮಾರ್ಚ್ 11ರಂದು ಐಕಾಂ ಟೆಲಿ ಪ್ರಕರಣದಲ್ಲಿ ನ್ಯಾಯಮೂರ್ತಿ ನಾರಿಮನ್ ಅವರಿದ್ದ ಸುಪ್ರೀಂ ಕೋರ್ಟ್ ಪೀಠ ಪಂಜಾಬಿನ ಈ ಷರತ್ತನ್ನು ಸಂವಿಧಾನದ ಸಮಾನತೆಯ ಹಕ್ಕಿನ 14ನೇ ವಿಧಿಯಡಿ ಕಿತ್ತುಹಾಕಿತು. ಗಮನಿಸಿ: ಷರತ್ತು ಎರಡೂ ಪಕ್ಷಕ್ಕೆ ಅನ್ವಯಿಸುತ್ತಿದ್ದುದರಿಂದ ತಾರತಮ್ಯದ ವಾದ ನಿಲ್ಲಲಿಲ್ಲ, ಗೆದ್ದಿದ್ದು ಸ್ವೇಚ್ಛಾಚಾರದ ವಾದ. ಕ್ಲೇಮು ಹುರುಳಿಲ್ಲದ್ದೋ ಅಲ್ಲವೋ ಎಂದು ಯಾರೂ ತೀರ್ಮಾನಿಸುವ ಮೊದಲೇ ದಂಡ ವಿಧಿಸಿದಂತಾಗುತ್ತದೆ, ಹುರುಳಿಲ್ಲದ ಕ್ಲೇಮಿಗೆ ಕೊನೆಯಲ್ಲಿ ಭಾರಿ ಖರ್ಚು ಹಾಕಬಹುದಲ್ಲ ಎಂಬುದು ಕೋರ್ಟಿನ ತರ್ಕ. ಬಿದ್ದದ್ದು ಠೇವಣಿಯ ಭಾಗ ಮಾತ್ರ, ಆರ್ಬಿಟ್ರೇಷನ್ ಒಪ್ಪಂದ ಉಳಿಯಿತು.

ಮೂರನೆಯದು ಉತ್ತರಾಖಂಡ ಜಲವಿದ್ಯುತ್ ನಿಗಮದ್ದು. ದರ ಶೇ. 7, ಪಂಜಾಬಿಗಿಂತ ಕಡಿಮೆ. ಆದರೆ ಕೊನೆಗೆ ಆ ದುಡ್ಡು ಹೇಗೆ ಹೊಂದಾಣಿಕೆಯಾಗುತ್ತದೆ ಎಂಬ ಮಾತೇ ಇರಲಿಲ್ಲ. ಸಾಲದ್ದಕ್ಕೆ ಏಕ ಆರ್ಬಿಟ್ರೇಟರನ್ನು ಆರಿಸುವ ಅಧಿಕಾರವೂ ರಾಜ್ಯದ ನೀರಾವರಿ ಇಲಾಖೆಯ ಕಾರ್ಯದರ್ಶಿಯದು. 2023ರ ನವೆಂಬರ್ 6ರಂದು ಲೊಂಬಾರ್ಡಿ ಪ್ರಕರಣದಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠ ಎರಡನ್ನೂ ಬದಿಗಿರಿಸಿತು. 'ಗೊತ್ತಿದ್ದೇ ಸಹಿ ಹಾಕಿದ್ದೀರಿ' ಎಂಬ ನಿಗಮದ ವಾದವೂ ನಡೆಯಲಿಲ್ಲ: ಸಹಿಯಿಂದ ಮೂಲಭೂತ ಹಕ್ಕು ಬಿಟ್ಟುಕೊಟ್ಟಂತಾಗದು.

ಬಳಸುವವರಿಗೆ ಲೊಂಬಾರ್ಡಿಯ ದೊಡ್ಡ ಲಾಭ ದಾರಿ ಹತ್ತಿರವಾದದ್ದು. ಐಕಾಂ ಕಂಪನಿ ರಿಟ್ (ಹಕ್ಕು ಕೋರುವ ಸಾಂವಿಧಾನಿಕ ಅರ್ಜಿ) ಹಾಕಿ, ಹೈಕೋರ್ಟಿನಲ್ಲಿ ಸೋತು, ಮೇಲ್ಮನವಿ ಹೋಗಬೇಕಾಯಿತು. ಈಗ ಆರ್ಬಿಟ್ರೇಟರ್ ನೇಮಕಕ್ಕೆ ಆರ್ಬಿಟ್ರೇಷನ್ ಕಾಯ್ದೆಯಡಿ ಹಾಕುವ ಕಲಂ 11(6)ರ ಅರ್ಜಿಯಲ್ಲೇ ಷರತ್ತಿನ ಸಿಂಧುತ್ವ ಪ್ರಶ್ನಿಸಬಹುದು. ಕರ್ನಾಟಕ ಹೈಕೋರ್ಟಿನಲ್ಲಿ ಇದು ಸಿಎಂಪಿ (ಸಿವಿಲ್ ಮಿಸಲೇನಿಯಸ್ ಪಿಟಿಷನ್) ಎಂದು ದಾಖಲಾಗುತ್ತದೆ. ಪಕ್ಷಗಳಲ್ಲಿ ಒಂದಾದರೂ ವಿದೇಶಿ ಕಂಪನಿಯಾದರೆ ನೇರ ಸುಪ್ರೀಂ ಕೋರ್ಟ್.

ಹೆಚ್ಚಿನವರು ಎಡವುವುದು ಇದಕ್ಕೂ ಮೊದಲು, ನೋಟಿಸಿನಲ್ಲಿ. ಠೇವಣಿ ಹೊಂದಿಸುವವರೆಗೆ ಕಾಯೋಣ ಎಂದು ಆರ್ಬಿಟ್ರೇಷನ್ ಕೋರುವ ಕಲಂ 21ರ ನೋಟಿಸನ್ನು ಮುಂದೂಡುತ್ತಾರೆ, ಇತ್ತ ಮೂರು ವರ್ಷದ ಕಾಲಮಿತಿ ಓಡುತ್ತಲೇ ಇರುತ್ತದೆ. ಕಲಂ 21 ಠೇವಣಿ ಕೇಳುವುದಿಲ್ಲ. ನೋಟಿಸ್ ಎದುರು ಪಕ್ಷಕ್ಕೆ ತಲುಪಿದ ದಿನವೇ ಪ್ರಕ್ರಿಯೆ ಶುರು. ಆದ್ದರಿಂದ ಬಾಬ್ತುವಾರು ಕ್ಲೇಮು, ಮೊತ್ತ, ಬಡ್ಡಿ ಬರೆದು, ಠೇವಣಿ ಷರತ್ತು ನಮಗೆ ಒಪ್ಪಿಗೆಯಿಲ್ಲ ಎಂದು ಒಂದು ಪ್ಯಾರಾ ಸೇರಿಸಿ, ನೋಂದಾಯಿತ ಅಂಚೆಯಲ್ಲಿ ಕಳಿಸಿ ಸ್ವೀಕೃತಿ ಇಟ್ಟುಕೊಳ್ಳಿ. 30 ದಿನದಲ್ಲಿ ಆರ್ಬಿಟ್ರೇಟರ್ ನೇಮಕವಾಗದಿದ್ದರೆ ಕಲಂ 11(6)ರ ಅರ್ಜಿ. ಇಲಾಖೆ ಹಟ ಹಿಡಿದು, ನಿಮಗೂ ತುರ್ತಿದ್ದು, ಕಟ್ಟಲೇಬೇಕಾಗಿ ಬಂದರೆ 'ಆಕ್ಷೇಪಣೆಗೆ ಒಳಪಟ್ಟು' ಎಂದು ಲಿಖಿತವಾಗಿ ದಾಖಲಿಸಿಯೇ ಕಟ್ಟಿ.

ಇನ್ನೊಂದು ಆಯುಧವಿದೆ, ಬಳಸುವವರು ಕಡಿಮೆ. ಏನೇ ಆದರೂ ಆರ್ಬಿಟ್ರೇಷನ್ ಖರ್ಚನ್ನು ಒಂದು ಪಕ್ಷವೇ ಭರಿಸಬೇಕೆಂಬ ಒಪ್ಪಂದ, ವಿವಾದ ಹುಟ್ಟಿದ ಮೇಲೆ ಮಾಡಿಕೊಂಡಿದ್ದರೆ ಮಾತ್ರ ಊರ್ಜಿತ ಎನ್ನುತ್ತದೆ ಕಲಂ 31ಎ(5). ಮುಟ್ಟುಗೋಲು ಷರತ್ತಿನ ವಿರುದ್ಧ ವಾದ ಕಟ್ಟಲು ಇದು ಒದಗುತ್ತದೆ.

ಕ್ಲೇಮು ಉಬ್ಬಿಸುವ ಅಭ್ಯಾಸ ಇಲ್ಲಿ ದುಬಾರಿ. ಠೇವಣಿಯೂ ಶುಲ್ಕವೂ ಕೇಳಿದ ಮೊತ್ತದ ಮೇಲೇ ಏರುತ್ತವೆ. ಅಳತೆ ಪುಸ್ತಕ (ಮಾಡಿದ ಕೆಲಸದ ಅಳತೆ ದಾಖಲೆ), ಪತ್ರವ್ಯವಹಾರ ಬೆಂಬಲಿಸದ ಬಾಬ್ತುಗಳನ್ನು ಮೊದಲೇ ಕೈಬಿಡಿ.

ಟೆಂಡರ್ ಹಾಕುವ ಹಂತದಲ್ಲೇ ಇದ್ದೀರಾದರೆ, ಬಿಡ್ ಸಲ್ಲಿಕೆಗೆ ಮುಂಚಿನ ಪ್ರೀ-ಬಿಡ್ ಸಭೆಗೆ ಮೂರು ಪ್ರಶ್ನೆ ಬರೆದು ಕೊಡಿ: ಠೇವಣಿ ಎರಡೂ ಪಕ್ಷಕ್ಕೆ ಇದೆಯೇ, ಎಷ್ಟು ದಿನದಲ್ಲಿ ವಾಪಸ್, ಆರ್ಬಿಟ್ರೇಟರನ್ನು ಯಾರು ನೇಮಿಸುತ್ತಾರೆ. ಕೇಂದ್ರದ ಇಲಾಖೆ ಅಥವಾ ಸಂಸ್ಥೆಯ ಟೆಂಡರ್ ಆದರೆ ಆರ್ಬಿಟ್ರೇಷನ್ ಷರತ್ತು ಇದೆಯೇ ಎಂಬುದನ್ನೇ ಮೊದಲು ನೋಡಿ: ಹಣಕಾಸು ಸಚಿವಾಲಯದ 2024ರ ಜೂನ್ 3ರ ಮಾರ್ಗಸೂಚಿ ಸಾಮಾನ್ಯವಾಗಿ ಅದನ್ನು 10 ಕೋಟಿಗಿಂತ ಕಡಿಮೆ ಮೊತ್ತದ ವಿವಾದಗಳಿಗೆ ಸೀಮಿತಗೊಳಿಸಲು ಹೇಳಿದೆ.