ಹೊಸ ವಿಡಿಯೊಗಾರರಿಗೆ ಬೋಯಾ ಮೈಕೋ ರೋಡ್ ಮೈಕೋ?

ಬೀದರ್ ಕೋಟೆಯನ್ನೋ ಬಿದ್ರಿ ಕುಶಲಕರ್ಮಿಗಳ ಕೆಲಸವನ್ನೋ ಮೊದಲ ಬಾರಿಗೆ ಚಿತ್ರೀಕರಿಸಲು ಹೊರಟವರು ಕ್ಯಾಮೆರಾದ ಮೇಲೆ ಕೂರಿಸುವ ಸಣ್ಣ ಮೈಕ್ ಹುಡುಕಿದಾಗ ಬೋಯಾ ಬಿವೈ-ಎಂಎಂ1 ಮತ್ತು ರೋಡ್ ವಿಡಿಯೊಮೈಕ್ರೊ ಎಂಬ ಎರಡು ಹೆಸರುಗಳು ಸಾಮಾನ್ಯವಾಗಿ ಎದುರಾಗುತ್ತವೆ. ಎರಡೂ ಮುಂದಿನ ಧ್ವನಿಯನ್ನು ಹೆಚ್ಚಾಗಿ, ಹಿಂದಿನದನ್ನು ಕಡಿಮೆಯಾಗಿ ಹಿಡಿಯುವ ಕಾರ್ಡಿಯಾಯ್ಡ್ ಮೈಕ್‌ಗಳು. ಬ್ಯಾಟರಿ ಬೇಡದೆ, ಕ್ಯಾಮೆರಾದ 3.5 ಮಿ.ಮೀ. ಮೈಕ್ ಜ್ಯಾಕ್‌ನಿಂದಲೇ ವಿದ್ಯುತ್ ಪಡೆಯುತ್ತವೆ. ಆ ಜ್ಯಾಕ್ ನಿಮ್ಮ ಕ್ಯಾಮೆರಾದಲ್ಲಿ ಇದೆಯೇ ಎಂದು ಮೊದಲು ನೋಡಿಕೊಳ್ಳಬೇಕು.

ಬೆಲೆಯಲ್ಲಿ ಬೋಯಾ ಅಗ್ಗ. ಅದರೊಂದಿಗೆ ಕ್ಯಾಮೆರಾಕ್ಕೂ ಮೊಬೈಲಿಗೂ ಬೇರೆ ಬೇರೆ ಕೇಬಲ್‌ಗಳು ಬರುತ್ತವೆ. ರೋಡ್‌ನಲ್ಲಿ ಮೊಬೈಲಿನ ಕೇಬಲ್ಲನ್ನು ಪ್ರತ್ಯೇಕವಾಗಿ ಕೊಳ್ಳಬೇಕಾಗುತ್ತದೆ. ರೋಡ್‌ನ ಹೆಚ್ಚುಗಾರಿಕೆ ಅದರ ರೈಕೋಟ್ ಲೈರ್ ಹಿಡಿಕೆ: ಕ್ಯಾಮೆರಾವನ್ನು ಕೈಯಲ್ಲಿ ಹಿಡಿದು ನಡೆಯುವಾಗ ಉಂಟಾಗುವ ಅದುರಿನ ಸದ್ದನ್ನು ಅದು ಚೆನ್ನಾಗಿ ತಗ್ಗಿಸುತ್ತದೆ. ಕೋಟೆಯ ಬುರುಜಿನ ಮೇಲೆ ಬೀಸುವ ಗಾಳಿಗೆ ಎರಡರಲ್ಲಿಯೂ ತುಪ್ಪಳದ ಹೊದಿಕೆ ಅನಿವಾರ್ಯ.

ಆದರೆ ಬ್ರ್ಯಾಂಡ್‌ಗಿಂತ ದೂರವೇ ಮುಖ್ಯವೆಂಬುದು ನನ್ನ ದೃಢವಾದ ಅಭಿಪ್ರಾಯ. ತೆರೆದ ಬಯಲಿನಲ್ಲಿ ಮಾತನಾಡುವವರಿಂದ ಮೈಕ್‌ನ ದೂರ ಇಮ್ಮಡಿಯಾದಾಗಲೆಲ್ಲ ಧ್ವನಿ ಸುಮಾರು 6 ಡೆಸಿಬಲ್ ಕುಗ್ಗುತ್ತದೆ, ಸುತ್ತಲಿನ ಗದ್ದಲ ಮಾತ್ರ ಹಾಗೆಯೇ ಉಳಿಯುತ್ತದೆ. ಆದ್ದರಿಂದ ಕುಶಲಕರ್ಮಿಯನ್ನು ದೂರದಿಂದ ಮಾತನಾಡಿಸುವುದೇ ನಿಮ್ಮ ಮುಖ್ಯ ಕೆಲಸವಾದರೆ ಇವೆರಡನ್ನೂ ಬಿಟ್ಟು, 6 ಮೀಟರ್ ಕೇಬಲ್ ಇರುವ ಬೋಯಾ ಬಿವೈ-ಎಂ1 ಕಾಲರ್ ಮೈಕನ್ನು ಕೊಳ್ಳುವುದು ಉತ್ತಮ. ಹತ್ತಿರದಿಂದಲೇ ಚಿತ್ರೀಕರಿಸುವವರಿಗೆ, ಅದರಲ್ಲೂ ಮೊಬೈಲನ್ನೂ ಬಳಸುವವರಿಗೆ, ಎಂಎಂ1 ಸಾಕು. ನಡೆಯುತ್ತಲೇ ಚಿತ್ರೀಕರಿಸುವವರು ಹೆಚ್ಚಿನ ಹಣ ಕೊಟ್ಟು ವಿಡಿಯೊಮೈಕ್ರೊ ಕೊಳ್ಳಬಹುದು.