ಹಳೆಯ ಮಾರುತಿ 800ರ ಹೆಡ್‌ಲೈಟ್: 100/90 ಬಲ್ಬಾ, ಎಲ್‌ಇಡಿಯಾ, ರಿಲೇಯಾ?

ಹಳೆಯ ಮಾರುತಿ 800 ಇಟ್ಟುಕೊಂಡವರ ಹತ್ತಿರ ರಾತ್ರಿ ಪ್ರಯಾಣದ ಮಾತೆತ್ತಿ ನೋಡಿ, "ಲೈಟೇ ಸಾಲೋದಿಲ್ಲ ಮಾರಾಯ್ರೆ" ಅನ್ನುತ್ತಾರೆ. ಮಲೆನಾಡಿನಲ್ಲಿ ಇದು ಸಣ್ಣ ದೂರಲ್ಲ. ಮಳೆಗಾಲದ ರಾತ್ರಿ ಆಗುಂಬೆಯಿಂದ ಸೋಮೇಶ್ವರಕ್ಕೆ ಇಳಿಯುವಾಗ ಹೇರ್‌ಪಿನ್ ತಿರುವಿನ ಒಳಗಿನ ಚರಂಡಿ ಎಲ್ಲಿದೆ, ಅಂಚಿನ ಕಲ್ಲು ಎಲ್ಲಿದೆ ಎಂದು ಸರಿಯಾಗಿ ಕಾಣಲೇಬೇಕು. ನನ್ನದು 1998ರ ಕಾರು. ಅದಕ್ಕೆ ಮೂರು ಮದ್ದನ್ನೂ ಮಾಡಿ ನೋಡಿದ್ದೇನೆ: 100/90 ವ್ಯಾಟಿನ ಬಲ್ಬು (ಬ್ರೈಟಿಗೆ 100, ಡಿಮ್ಮಿಗೆ 90), ಎಲ್‌ಇಡಿ ಬಲ್ಬು, ಮತ್ತು ಕಂಪನಿಯದೇ 60/55 ಬಲ್ಬಿಗೆ ರಿಲೇ, ಅಂದರೆ ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಹಚ್ಚಿ ಆರಿಸುವ ಸ್ವಿಚ್ಚು, ಹಾಕಿ ಹೊಸ ವೈರಿಂಗ್. ಮೂರನ್ನೂ ನಾನೇ ಮನೆಯ ಅಂಗಳದಲ್ಲಿ ಕೂತು ಕಟ್ಟಿದ್ದು.

ಹೋಲಿಕೆ ನ್ಯಾಯವಾಗಿರಲಿ ಎಂದು ಮೊದಲೇ ಎರಡೂ ಹೆಡ್‌ಲೈಟ್ ಡೂಮುಗಳನ್ನು (ಬಲ್ಬು ಕೂರುವ, ಒಳಗೆ ರಿಫ್ಲೆಕ್ಟರ್ ಇರುವ ಬುರುಡೆ) ಹೊಸದಾಗಿ ಹಾಕಿಸಿಕೊಂಡಿದ್ದೆ. ಒಳಗಿನ ಬೆಳ್ಳಿ ಬಣ್ಣ ಮಂಕಾಗಿದ್ದರೆ ಯಾವ ಬಲ್ಬು ಹಾಕಿದರೂ ಪ್ರಯೋಜನವಿಲ್ಲ. ಅದನ್ನು ಬಟ್ಟೆಯಿಂದ ಉಜ್ಜಲು ಹೋಗಬೇಡಿ, ತೆಳುವಾದ ಲೇಪ ಕಿತ್ತು ಬರುತ್ತದೆ. ಅಳತೆಗೆ ಒಂದು ಮಲ್ಟಿಮೀಟರ್, ಬೆಳಕಿನ ಆಕಾರ ನೋಡಲು ಸುಣ್ಣ ಬಳಿದ ಗೋಡೆ, ಕೊನೆಗೆ ಘಾಟಿ.

ಮೊದಲ ಅಳತೆಯಲ್ಲೇ ಕಾಯಿಲೆ ಎಲ್ಲಿದೆ ಎಂದು ಗೊತ್ತಾಯಿತು. ಎಂಜಿನ್ ಓಡುತ್ತಿರುವಾಗ ಬ್ಯಾಟರಿಯಲ್ಲಿ 13.9 ವೋಲ್ಟ್, ಡಿಮ್ ಹಾಕಿ ಬಲ್ಬಿನ ಹೋಲ್ಡರಿನಲ್ಲಿ ನೋಡಿದರೆ 12.1. ದಾರಿಯಲ್ಲೇ 1.8 ವೋಲ್ಟ್ ಸೋರಿಹೋಗಿತ್ತು. ನನ್ನ ಕಾರಿನಲ್ಲಿ ಹೆಡ್‌ಲೈಟಿಗೆ ರಿಲೇ ಇಲ್ಲ. ಅಷ್ಟೂ ಕರೆಂಟು ಸ್ಟೀರಿಂಗ್ ಪಕ್ಕದ ಸ್ವಿಚ್ಚಿಗೆ ಬಂದು, ಅಲ್ಲಿಂದ ಸಪೂರ ವೈರಿನಲ್ಲಿ ಮುಂದಕ್ಕೆ ಹೋಗಬೇಕು. ಇಪ್ಪತ್ತೈದು ವರ್ಷ ದಾಟಿದ ಸ್ವಿಚ್ಚಿನ ಕಾಂಟ್ಯಾಕ್ಟು, ಕಿಲುಬು ಹಿಡಿದ ಕನೆಕ್ಟರು, ವೈರನ್ನು ಕಾರಿನ ಲೋಹದ ಮೈಗೆ ಸೇರಿಸುವ ತುಕ್ಕು ಹಿಡಿದ ಅರ್ಥ್ ಬೋಲ್ಟು, ಒಂದೊಂದೂ ತನ್ನ ಪಾಲು ತಿನ್ನುತ್ತದೆ. ಹ್ಯಾಲೊಜೆನ್ ಬಲ್ಬಿನ ಬೆಳಕು ವೋಲ್ಟೇಜು ಇಳಿದಷ್ಟೇ ಇಳಿಯುವುದೂ ಇಲ್ಲ. ವೋಲ್ಟೇಜಿನ ಸುಮಾರು 3.4ನೇ ಘಾತದ ಲೆಕ್ಕದಲ್ಲಿ ಕುಸಿಯುತ್ತದೆ. ವೋಲ್ಟೇಜು ಶೇ. 10 ಕಡಿಮೆಯಾದರೆ ಬೆಳಕು ಶೇ. 30ರಷ್ಟು ಹೋಯಿತು. ನನ್ನ ಕಾರಿನಲ್ಲಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಬೆಳಕು ರಸ್ತೆಗೆ ತಲುಪುತ್ತಲೇ ಇರಲಿಲ್ಲ. ಬಲ್ಬು ಹಳದಿಗಿಂತಲೂ ಕೆಂಪಾಗಿ ಉರಿಯುತ್ತಿದ್ದುದು ಇದೇ ಕಾರಣಕ್ಕೆ.

ಈಗ 100/90 ಬಲ್ಬು. "ಸಾರ್, ವೈರಿಂಗ್ ಎಲ್ಲ ಯಾಕೆ ಬಿಚ್ತೀರಿ? ಈ ಬಲ್ಬ್ ಹಾಕಿ, ಹಗಲಾಗ್ತದೆ" ಎಂದು ಬಿಡಿಭಾಗದ ಅಂಗಡಿಗಳಲ್ಲಿ ಧಾರಾಳವಾಗಿ ಕೊಡುತ್ತಾರೆ. ಡಿಮ್ಮಿನಲ್ಲೇ ಎರಡು ಬಲ್ಬಿಗೆ 15 ಆಂಪಿಯರ್ ಬೇಕು, ಬ್ರೈಟಿನಲ್ಲಿ 17ರ ಹತ್ತಿರ. ಹಳೆಯ ವೈರಿನಲ್ಲಿ ಕರೆಂಟು ಹೆಚ್ಚಾದಷ್ಟೂ ಸೋರಿಕೆಯೂ ಹೆಚ್ಚು. ಹೋಲ್ಡರಿನಲ್ಲಿ ಅಳೆದರೆ 11.2 ವೋಲ್ಟಿಗೆ ಇಳಿದಿತ್ತು. ಅದೇ ಘಾತದ ಲೆಕ್ಕ ಹಾಕಿದರೆ, ಬಲ್ಬಿನ ವ್ಯಾಟು ಶೇ. 64 ಏರಿಸಿ ಸಿಕ್ಕಿದ ಬೆಳಕು ಶೇ. 25ರಷ್ಟು ಹೆಚ್ಚು ಮಾತ್ರ. ಉಳಿದದ್ದು ಶಾಖ. ಸ್ವಲ್ಪ ಹೊತ್ತು ಉರಿಸಿ ಮುಟ್ಟಿದರೆ ಸ್ವಿಚ್ಚಿನ ಬುಡ ಬಿಸಿಯಾಗಿತ್ತು, ಪ್ಲಾಸ್ಟಿಕ್ ಹೋಲ್ಡರಿನಿಂದ ಸುಟ್ಟ ವಾಸನೆ ಬರಲು ಶುರುವಾಗಿತ್ತು. ಅಲ್ಲಿಗೇ ಬಿಚ್ಚಿಟ್ಟೆ. ಕಾನೂನಿನ ಪ್ರಕಾರವೂ ಈ ಬಲ್ಬು ರಸ್ತೆಗೆ ಅಲ್ಲ. ರಿಲೇ ಹಾಕಿ ಉರಿಸಿದರೆ ವೈರು ಉಳಿಯಬಹುದು, ಆದರೆ ಡೂಮಿನ ಒಳಲೇಪ ಆ ಶಾಖಕ್ಕೆ ಬೇಗ ಮಂಕಾಗುತ್ತದೆ. ಎದುರಿನವರ ಕಣ್ಣಿನ ಮಾತು ಬೇರೆಯೇ.

ಎಲ್‌ಇಡಿಯ ವಿಷಯದಲ್ಲಿ ನನಗೆ ನಿಜಕ್ಕೂ ಆಸೆಯಿತ್ತು. ಕಡಿಮೆ ಕರೆಂಟು, ಹಳೆಯ ವೈರಿಗೆ ಹೊರೆಯಿಲ್ಲ, ಹಾಕುವುದು ಸುಲಭ. ಅಂಗಳದಲ್ಲಿ ಹಚ್ಚಿದಾಗ ಮನೆಯವರೆಲ್ಲ ಬೆರಗಾದರು. ಗೋಡೆಯ ಮುಂದೆ ನಿಲ್ಲಿಸಿದಾಗ ಮಾತ್ರ ಬೇರೆ ಕಥೆ. ಈ ಕಾರಿಗೆ ಹಾಕುವ ಎಚ್4 ಎಂಬ ಬಗೆಯ ಹ್ಯಾಲೊಜೆನ್ ಬಲ್ಬಿನಲ್ಲಿ ಡಿಮ್ ತಂತಿಯ ಕೆಳಗೆ ಬಟ್ಟಲಿನಂಥ ಸಣ್ಣ ಲೋಹದ ಮರೆ ಇರುತ್ತದೆ. ಬೆಳಕು ರಿಫ್ಲೆಕ್ಟರಿನ ಮೇಲಿನ ಅರ್ಧಕ್ಕೆ ಮಾತ್ರ ಬಿದ್ದು ಕೆಳಮುಖವಾಗಿ ರಸ್ತೆಗೆ ಹೋಗುವಂತೆ ನೋಡಿಕೊಳ್ಳುವುದು ಅದೇ. ಎಡಗಡೆ ಓಡಿಸುವ ನಮ್ಮ ದೇಶದಲ್ಲಿ ಗೋಡೆಯ ಮೇಲಿನ ಗೆರೆ ಬಲಕ್ಕೆ ಚಪ್ಪಟೆ, ಎಡಕ್ಕೆ ತುಸು ಮೇಲೇರಿರಬೇಕು. ಎಲ್‌ಇಡಿ ಚಿಪ್ಪುಗಳು ಆ ಸಪೂರ ತಂತಿಯ ಜಾಗದಲ್ಲಿ ಕರಾರುವಾಕ್ಕಾಗಿ ಕೂರುವುದಿಲ್ಲ. ಗೆರೆ ಕಲಸಿಹೋಯಿತು. ಬಲ್ಬನ್ನು ಆಚೀಚೆ ತಿರುಗಿಸಿ ಕೂರಿಸಿದರೂ ಮೇಲಕ್ಕೆ ಚೆಲ್ಲುವ ಬೆಳಕು ಪೂರ್ತಿ ನಿಲ್ಲಲಿಲ್ಲ. ತಮ್ಮನನ್ನು ಕಾರಿನ ಎದುರು ನಿಲ್ಲಿಸಿ ಕೇಳಿದೆ. "ಅಣ್ಣಾ, ಡಿಮ್ ಮಾಡೋ!" ಅಂದ. ಡಿಮ್ಮೇ ಆಗಿತ್ತು.

ಘಾಟಿಯಲ್ಲಿ ಇನ್ನೂ ಒಂದು ಗೊತ್ತಾಯಿತು. ಬಾನೆಟ್ಟಿನ ಮುಂದಿನ ಹತ್ತಿಪ್ಪತ್ತು ಅಡಿ ಬೆಳ್ಳಗೆ ಹೊಳೆಯುತ್ತದೆ, ಆ ಹೊಳಪಿಗೆ ಕಣ್ಣಿನ ಪಾಪೆ ಕಿರಿದಾಗಿ ದೂರದ್ದು ಇನ್ನೂ ಮಸುಕಾಗುತ್ತದೆ. ಬ್ರೈಟ್ ಹಾಕಿದರೆ ದೂರಕ್ಕೆ ಚುಚ್ಚುವ ಬೆಳಕೂ ಇಲ್ಲ. ಮಂಜಿನಲ್ಲಂತೂ ಮೇಲಕ್ಕೆ ಚೆಲ್ಲಿದ್ದೆಲ್ಲ ಬಿಳಿ ಪರದೆಯಾಗಿ ಕಣ್ಣಿಗೇ ವಾಪಸು ಬಂತು. ಹಿಂದಿನ ಫ್ಯಾನಿನಿಂದಾಗಿ ರಬ್ಬರ್ ಮುಚ್ಚಳ ಸರಿಯಾಗಿ ಕೂರದೆ ಡೂಮಿನೊಳಗೆ ತೇವ ಕಟ್ಟುವುದು ಮತ್ತೊಂದು ತೊಂದರೆ. 2024ರ ಜುಲೈನಿಂದ ಕರ್ನಾಟಕ ಪೊಲೀಸರು ಕಣ್ಣು ಕುಕ್ಕುವ ದೀಪಗಳ ಮೇಲೆ ಕೇಸು ಹಾಕತೊಡಗಿದ್ದು ನನಗೆ ಸರಿಯೆನಿಸುತ್ತದೆ. ಘಾಟಿಯ ತಿರುವಿನಲ್ಲಿ ಎದುರಿನ ಚಾಲಕ ಎರಡು ಸೆಕೆಂಡು ಕುರುಡಾದರೆ ಸಾಕು, ಅವನೂ ನಾವೂ ಇಬ್ಬರೂ ಅಪಾಯದಲ್ಲಿ.

ಮೂರನೆಯದು ರಿಲೇ. ಅರ್ಧ ದಿನದ ಕೆಲಸ. ಬೆಂಗಳೂರಿನ ಜೆ.ಸಿ. ರೋಡಿನಂಥ ಕಡೆ ರೆಡಿಮೇಡ್ ಕಿಟ್ ಸಿಗುತ್ತದೆ, ಆದರೆ ಅಗ್ಗದವುಗಳಲ್ಲಿ ವೈರಿನ ರಬ್ಬರು ದಪ್ಪ, ತಾಮ್ರ ಕಡಿಮೆ. ನಾನು 2.5 ಚದರ ಮಿ.ಮೀ. ವೈರು, ಎರಡು 12 ವೋಲ್ಟಿನ ರಿಲೇ, ಸೆರಾಮಿಕ್ ಹೋಲ್ಡರು ಬಿಡಿಯಾಗಿ ತಂದೆ. ಡಿಮ್ಮಿಗೊಂದು ರಿಲೇ, ಬ್ರೈಟಿಗೊಂದು. ಬ್ಯಾಟರಿ ಪ್ಲಸ್‌ನಿಂದ ಹೊರಟ ವೈರಿಗೆ ಬ್ಯಾಟರಿಯ ಪಕ್ಕದಲ್ಲೇ ಫ್ಯೂಸ್ ಬೇಕೇ ಬೇಕು. ದೂರದಲ್ಲಿ ಹಾಕಿದರೆ, ನಡುವೆ ವೈರು ಉಜ್ಜಿ ಕಾರಿನ ಲೋಹದ ಮೈಗೆ ತಾಗಿದಾಗ ಬೆಂಕಿಯೇ. ಅಲ್ಲಿಂದ ರಿಲೇಯ 30ನೇ ಪಿನ್ನಿಗೆ, 87ರಿಂದ ಬಲ್ಬಿಗೆ. ರಿಲೇ ಸುರುಳಿಯ ಎರಡು ತುದಿಗಳಾದ 85 ಮತ್ತು 86ನ್ನು ಹಳೆಯ ಹೋಲ್ಡರಿನ ಕಾಮನ್ ಪಿನ್ನು ಹಾಗೂ ಡಿಮ್ ಅಥವಾ ಬ್ರೈಟ್ ಪಿನ್ನಿನಿಂದಲೇ ತೆಗೆದುಕೊಳ್ಳಿ, ಕಾರಿನ ಲೋಹದ ಮೈಗೆ ಅರ್ಥ್ ಮಾಡಬೇಡಿ. ಕೆಲವು ಜಪಾನಿ ಮೂಲದ ಕಾರುಗಳಲ್ಲಿ ಸ್ವಿಚ್ಚು ಪ್ಲಸ್ಸಿನ ಬದಲು ಅರ್ಥ್ ಕಡೆಯ ವೈರನ್ನು ಕತ್ತರಿಸುತ್ತದೆ. ಹೀಗೆ ಕಟ್ಟಿದರೆ ಎರಡೂ ಬಗೆಯಲ್ಲಿ ರಿಲೇ ಕೆಲಸ ಮಾಡುತ್ತದೆ, ಅದರೊಳಗೆ ಡಯೋಡ್ ಇರಬಾರದು ಅಷ್ಟೆ. ಹಳೆಯ ಸ್ವಿಚ್ಚಿನ ಪಾಲಿಗೆ ಈಗ ಉಳಿದದ್ದು ರಿಲೇ ಸುರುಳಿಗೆ ಬೇಕಾದ, ಕಾಲು ಆಂಪಿಯರಿಗಿಂತ ಕಡಿಮೆ ಕರೆಂಟು.

ರಿಲೇಗಳನ್ನು ಪಿನ್ನು ಕೆಳಮುಖವಾಗಿ ಬರುವಂತೆ ಕೂರಿಸಿ, ಮಳೆ ನೀರು ಒಳಗೆ ನಿಲ್ಲುವುದಿಲ್ಲ. ಅರ್ಥಿಗೂ ಅಷ್ಟೇ ದಪ್ಪದ ವೈರು ಹಾಕಿ, ಬಣ್ಣ ಕೆರೆದ ಜಾಗಕ್ಕೆ ಲಗ್ (ವೈರಿನ ತುದಿಯ ಲೋಹದ ಬಳೆ) ಬಿಗಿಯಿರಿ. ಹ್ಯಾಲೊಜೆನ್ ಬಲ್ಬಿನ ಗಾಜನ್ನು ಬರಿಗೈಯಲ್ಲಿ ಮುಟ್ಟಬೇಡಿ.

ಇಷ್ಟಾದ ಮೇಲೆ ಹೋಲ್ಡರಿನಲ್ಲಿ 13.5 ವೋಲ್ಟ್ ಬಂತು. ಅದೇ 60/55 ಬಲ್ಬು, ಲೆಕ್ಕದಂತೆ ಮೊದಲಿಗಿಂತ ಶೇ. 45ರಷ್ಟು ಹೆಚ್ಚು ಬೆಳಕು. ಹಳೆಯ ವೈರಿನಲ್ಲಿ 90 ವ್ಯಾಟು ಕೊಟ್ಟದ್ದಕ್ಕಿಂತ ಹೊಸ ವೈರಿನಲ್ಲಿ 55 ವ್ಯಾಟು ಹೆಚ್ಚು ಕೊಟ್ಟಿತು! ಗೋಡೆಯ ಮೇಲೆ ಗೆರೆ ನೇರವಾಗಿ ನಿಂತಿತು, ಬಣ್ಣ ಬೆಳ್ಳಗಾಯಿತು. ಘಾಟಿಯಲ್ಲಿ ತಿರುವಿನ ಎಡ ಅಂಚು ಮೊದಲಿಗಿಂತ ಬಹಳ ಮುಂಚೆ ಕಾಣುತ್ತದೆ, ಎದುರಿನವರು ಲೈಟ್ ಮಿನುಗಿಸಿ ಬೈಯುವುದೂ ಇಲ್ಲ. ಪೂರ್ತಿ ವೋಲ್ಟೇಜಿನಲ್ಲಿ ಬಲ್ಬಿನ ಆಯುಷ್ಯ ಕಡಿಮೆಯಾಗುವುದು ನಿಜ. ಡ್ಯಾಶ್‌ಬೋರ್ಡಿನ ಖಾನೆಯಲ್ಲಿ ಒಂದು ಜೋಡಿ ಯಾವಾಗಲೂ ಇಟ್ಟಿರುತ್ತೇನೆ.

ಊರೊಳಗೆ ಮಾತ್ರ ಓಡಿಸುವವರಿಗೆ ಇಷ್ಟೂ ಬೇಡ. ಅರ್ಥ್ ಬೋಲ್ಟು ಬಿಚ್ಚಿ ಉಜ್ಜಿ, ಕನೆಕ್ಟರು ಶುಚಿ ಮಾಡಿ, ಒಳ್ಳೆಯ ಕಂಪನಿಯ 60/55 ಬಲ್ಬು ಹಾಕಿದರೆ ಅರ್ಧ ಕೆಲಸ ಮುಗಿಯಿತು. ನನಗೆ ಅಷ್ಟರಿಂದಲೇ 12.1 ಇದ್ದದ್ದು 12.6 ಆಗಿತ್ತು. ಘಾಟಿ ಹತ್ತಿಳಿಯುವವರು, ಕರಾವಳಿಯ ಉಪ್ಪುಗಾಳಿಯಲ್ಲಿ ಕಾರು ನಿಲ್ಲಿಸುವವರು ರಿಲೇಯನ್ನೇ ಹಾಕಿ. ಪ್ರತಿ ವರ್ಷ ಮೇ ಕೊನೆಯಲ್ಲಿ, ಮಳೆ ಹಿಡಿಯುವ ಮುಂಚೆ, ಹೋಲ್ಡರಿನ ವೋಲ್ಟೇಜು ಒಮ್ಮೆ ಅಳೆಯಿರಿ. ಬ್ಯಾಟರಿಗೂ ಅದಕ್ಕೂ ಅರ್ಧ ವೋಲ್ಟಿಗಿಂತ ಹೆಚ್ಚು ವ್ಯತ್ಯಾಸ ಬಂದರೆ ಮೊದಲು ಅರ್ಥ್ ಲಗ್ಗನ್ನೇ ಬಿಚ್ಚಿ ನೋಡಿ.